ಸೆಮಿಫೈನಲ್ಲಿಗೆ ನಾಲ್ಕು ದಿನ ಮೊದಲು

ನೆಲ್ಸನ್, ನ್ಯೂಜಿಲೆಂಡ್
14 ಸೆಪ್ಟೆಂಬರ್ 2025, ಭಾನುವಾರ

ಪ್ರೀತಿಯ ಪದ್ದಕ್ಕ,

ಇಲ್ಲಿಂದಲೇ ನಿನ್ನ ಕಾಲು ಮುಟ್ಟಿದ್ದೇನೆ ಅಂದುಕೋ. ಮೊಣಕಾಲು ಹೇಗಿದೆ? ಹೊಸ ಕಿವಿ ಮಷಿನ್ ಹಾಕಿಕೊಳ್ಳುತ್ತೀಯೋ, ಇಲ್ಲ ಅದಿನ್ನೂ ಡಬ್ಬಿಯಲ್ಲೇ ಇದೆಯೋ? ನಿನ್ನ ಕಾಗದ ಬಂದು ಏಳು ವಾರವಾಯಿತು. ಇಷ್ಟು ದಿನ ಉತ್ತರ ಬರೆಯದೆ ಇದ್ದದ್ದು ನನ್ನದೇ ತಪ್ಪು. ಹೋದ ವಾರ ಪಕ್ಕದ ಮನೆಯ ಚಂದ್ರಿಕಾಳಿಂದ ಫೋನು ಮಾಡಿಸಿ, "ವೇದಾ ಆರಾಮ ಇದ್ದಾಳೇನು ಕೇಳು" ಅಂದೆಯಂತೆ. ಆರಾಮ ಎಂದು ಹೇಳಿಬಿಟ್ಟೆ. ಇದು ನಿನಗೆ ಕೇಳಿಸುವಂತೆ ಫೋನಿನಲ್ಲಿ ಕೂಗಿ ಹೇಳುವ ಸುದ್ದಿಯಲ್ಲ, ಚಂದ್ರಿಕಾಳ ಬಾಯಲ್ಲಿ ಹೇಳಿಸುವಂಥದ್ದೂ ಅಲ್ಲ.

ಹೆದರಬೇಡ, ಮೊದಲೇ ಹೇಳಿಬಿಡುತ್ತೇನೆ: ಮಗಳು ಪೂರ್ವಿ ಮನೆಯಲ್ಲೇ ಇದ್ದಾಳೆ. ನಡೆಯುತ್ತಾಳೆ, ಮಾತಾಡುತ್ತಾಳೆ, ಉಣ್ಣುತ್ತಾಳೆ. ಈಗ ತನ್ನ ಕೋಣೆಯಲ್ಲಿ ಪರದೆ ಎಳೆದುಕೊಂಡು ಮಲಗಿದ್ದಾಳೆ. ಇನ್ನು ನಡೆದದ್ದನ್ನು ಹೇಳುತ್ತೇನೆ.

ನಾನು ವಾರಕ್ಕೆ ಮೂರು ದಿನ ಇಲ್ಲಿನ ಹಳೆಯ ಕಾಗದಪತ್ರಗಳ ಸಂಗ್ರಹದಲ್ಲಿ ಕೆಲಸ ಮಾಡುವುದು ನಿನಗೆ ಗೊತ್ತು. ಜನ ಅಟ್ಟ ಖಾಲಿ ಮಾಡುವಾಗ ಸಿಕ್ಕ ಪತ್ರ, ದಿನಚರಿಗಳನ್ನು ತಂದುಕೊಡುತ್ತಾರೆ. ನಾವು ಧೂಳು ಒರೆಸಿ, ಓದಿ, ಟೈಪು ಮಾಡಿ ಜೋಪಾನವಾಗಿಡುತ್ತೇವೆ. ಜೂನ್‌ನಲ್ಲಿ ಮಾರ್ಗರೆಟ್ ಎಂಬ ಎಂಬತ್ತು ದಾಟಿದ ಹೆಂಗಸು ಒಂದು ಬಿಸ್ಕತ್ತಿನ ಡಬ್ಬಿ ತಂದರು. ಅವರದು ಸೇಬಿನ ತೋಟದ ಮನೆತನ. ಅವರ ಅಜ್ಜನ ಅಣ್ಣ ಹ್ಯೂ ಎಂಬುವನು 1893ರಲ್ಲಿ ಅಮೆರಿಕದಿಂದ ತನ್ನ ತಾಯಿಗೆ ಬರೆದ ಎಂಟು ಕಾಗದಗಳು ಅದರಲ್ಲಿದ್ದವು. ಹತ್ತೊಂಬತ್ತು ವರ್ಷದ ಹುಡುಗ. ಪಾದ್ರಿಯಾಗಿ ಬರಲಿ ಎಂದು ಒಹಾಯೊದ ಒಂದು ಸಣ್ಣ ಕಾಲೇಜಿಗೆ ಕಳಿಸಿದ್ದರು. ಅವನು ಹೋಗಿ ಮೊದಲ ವಾರದಲ್ಲೇ ಫುಟ್‌ಬಾಲ್ ತಂಡ ಸೇರಿಬಿಟ್ಟ.

ಅಮೆರಿಕದವರ ಫುಟ್‌ಬಾಲ್ ಎಂದರೆ ನಮ್ಮ ಕಾಲ್ಚೆಂಡಿನಾಟವಲ್ಲ ಅಕ್ಕ. ರಗ್ಬಿಯಿಂದ ಹುಟ್ಟಿದ್ದು, ಮೊಟ್ಟೆಯಾಕಾರದ ಚೆಂಡನ್ನು ಎದೆಗವಚಿಕೊಂಡು ಓಡುವ ಆಟ. ಆ ಕಾಲದಲ್ಲಿ ಅದಿನ್ನೂ ಎಳೆಯದು, ನಿಯಮಗಳು ವರ್ಷಕ್ಕೊಂದು ಥರ. ಹುಡುಗರು ದನ ಮೇಯುವ ಬಯಲಲ್ಲಿ ಸಗಣಿ ಎತ್ತಿಹಾಕಿ ಅಭ್ಯಾಸ ಮಾಡುತ್ತಿದ್ದರಂತೆ. ಹೆಲ್ಮೆಟ್ ಇಲ್ಲ. ತಲೆಗೆ ಆಸರೆಯಾಗಲಿ ಎಂದು ಬೇಸಿಗೆಯಿಂದಲೇ ಕೂದಲು ಬೆಳೆಸುತ್ತಿದ್ದರು. "ಅಮ್ಮಾ, ನೀನು ನನ್ನನ್ನು ಈಗ ನೋಡಿದರೆ ತಂಗಿಯೆಂದು ತಿಳಿದು ಜಡೆ ಹಾಕುತ್ತೀ" ಎಂದು ಎರಡನೆಯ ಕಾಗದದಲ್ಲಿ ಬರೆದಿದ್ದಾನೆ. ಓದಿ ಒಬ್ಬಳೇ ನಕ್ಕಿದ್ದೆ.

ಎದುರಾಳಿಯನ್ನು ಭೇದಿಸಲು ಹನ್ನೊಂದು ಜನ ಒಬ್ಬರ ಸೊಂಟ ಒಬ್ಬರು ಹಿಡಿದು, ಬೆಣೆಯ ಹಾಗೆ ನಿಂತು, ಒಟ್ಟಿಗೆ ನುಗ್ಗುತ್ತಿದ್ದರು. ಬೆಣೆಯ ಚೂಪು ತುದಿಯಲ್ಲಿ ಹ್ಯೂ. ನೆಲ್ಸನ್ನಿನವನಲ್ಲವೇ! ಈ ದೇಶದ ಮೊದಲ ರಗ್ಬಿ ಪಂದ್ಯ ನಡೆದದ್ದು ನಮ್ಮೂರಲ್ಲೇ ಎಂದು ಇಲ್ಲಿಯವರು ಈಗಲೂ ಎದೆಯುಬ್ಬಿಸುತ್ತಾರೆ. ಆ ಹೆಮ್ಮೆ ಅವನಲ್ಲೂ ಇತ್ತು. ಸೆಪ್ಟೆಂಬರಿನಿಂದ ನವೆಂಬರ್ ತನಕ ಆರು ಆಟ. ಮೂರನೆಯದರಲ್ಲಿ ಯಾರದೋ ಮೊಣಕಾಲು ಅವನ ಕಿವಿಯ ಹಿಂದೆ ಬಡಿಯಿತು. "ಸ್ವಲ್ಪ ಹೊತ್ತು ಎರಡೆರಡು ಚೆಂಡು ಕಂಡವು, ನಾನು ಸರಿಯಾದದ್ದನ್ನೇ ಹಿಡಿದೆ" ಎಂದು ತಮಾಷೆ ಮಾಡಿದ್ದಾನೆ. ಅಪ್ಪನಿಗೆ ಹೇಳಬೇಡ ಎಂದು ಕೆಳಗೆ ಗೆರೆ ಎಳೆದಿದ್ದಾನೆ.

ಕೊನೆಯ ಆಟ ನವೆಂಬರಿನ ಕಡೆಯ ಗುರುವಾರ. ಊರಿಗೆಲ್ಲ ರಜೆ, ಬ್ಯಾಂಡು, ಕುದುರೆಗಾಡಿಗಳ ಸಾಲು. ಅಲ್ಲಿ ಬಿದ್ದವನು ಮತ್ತೆ ಏಳಲಿಲ್ಲ. ಎರಡು ದಿನದ ಮೇಲೆ ತೀರಿಕೊಂಡ. ಸುದ್ದಿ ತಂತಿಯಲ್ಲಿ ಬಂತು. ಆದರೆ ಅವನು ಮೊದಲೇ ಬರೆದು ಹಾಕಿದ್ದ ಕಾಗದಗಳು ಹಡಗಿನಲ್ಲಿದ್ದವಲ್ಲ! ಅವು ಒಂದೊಂದಾಗಿ ಆಮೇಲೆ ಬಂದವು. ಕಾಗದ ತಲುಪಿದ ದಿನವನ್ನು ತಾಯಿ ಪ್ರತಿ ಲಕೋಟೆಯ ಮೂಲೆಯಲ್ಲಿ ಪೆನ್ಸಿಲಿನಲ್ಲಿ ಬರೆದಿಟ್ಟಿದ್ದಾಳೆ. ಎಂಟನೆಯದರ ಮೇಲೂ ದಿನಾಂಕವಿದೆ, ಜನವರಿ 9. ಆದರೆ ಅದನ್ನು ಅವಳು ಒಡೆಯಲೇ ಇಲ್ಲ. ಅವಳ ಮಕ್ಕಳು, ಮೊಮ್ಮಕ್ಕಳು ಯಾರೂ ಒಡೆದಿರಲಿಲ್ಲ.

ಅದಿರಲಿ, ಪೂರ್ವಿಯ ವಿಷಯಕ್ಕೆ ಬರುತ್ತೇನೆ.

ಅವಳು ಕಾಲೇಜಿನ (ಇಲ್ಲಿ ಹೈಸ್ಕೂಲಿಗೇ ಕಾಲೇಜು ಎನ್ನುತ್ತಾರೆ) ಹುಡುಗಿಯರ ರಗ್ಬಿ ತಂಡಕ್ಕೆ ಆಯ್ಕೆಯಾದಾಗ ನೀನು ಬರೆದದ್ದು ನೆನಪಿದೆಯಾ? "ಖೋಖೋ ಆಡಿದ ಕಾಲು ನಮ್ಮ ಮನಿತನದಾಗ ನನ್ನ ಜೋಡಿನ ಮುಗೀತು ಅಂದುಕೊಂಡಿದ್ದೆ. ಮುಗಿದಿಲ್ಲ ನೋಡು." ಆ ಸಾಲನ್ನು ನಾನು ಇಂಗ್ಲಿಷಿಗೆ ತಿರುಗಿಸಿ ಹೇಳಿದೆ. ಅವಳು ಫೋನಿನಲ್ಲಿ ಬರೆದಿಟ್ಟುಕೊಂಡಳು. ನೀನು ಆಟದ ಟೀಚರಾಗಿ ಮೂವತ್ತೊಂದು ವರ್ಷ ಹುಡುಗಿಯರನ್ನು ಓಡಿಸಿದವಳು. ನಾನು ಎಲ್ಲರ ಚಪ್ಪಲಿ ಕಾಯುತ್ತ ಗೆರೆಯ ಹೊರಗೆ ಕೂತವಳು. ನನ್ನ ಹೊಟ್ಟೆಯಲ್ಲಿ ಇಂಥವಳು ಹೇಗೆ ಹುಟ್ಟಿದಳೋ. ತನಗಿಂತ ಎರಡರಷ್ಟು ದಪ್ಪನೆಯ ಹುಡುಗಿ ಚೆಂಡು ಹಿಡಿದು ಬಂದರೆ ಅವಳ ತೊಡೆಗೆ ಜೋತುಬಿದ್ದು ನೆಲಕ್ಕೆ ಕೆಡವುತ್ತಾಳೆ. ಮೊದಮೊದಲು ನಾನು ಕಣ್ಣು ಮುಚ್ಚಿಕೊಳ್ಳುತ್ತಿದ್ದೆ. ಆಮೇಲೆ ಕೂಗಲು ಕಲಿತೆ.

ಒಂಬತ್ತು ವರ್ಷದಿಂದ ಈ ಊರಲ್ಲಿದ್ದೇನೆ. ನನ್ನನ್ನು ಕಂಡರೆ ಜನ ನಗುತ್ತಾರೆ, ಹವೆ ಚೆನ್ನಾಗಿದೆ ಎನ್ನುತ್ತಾರೆ, ಮುಂದೆ ಹೋಗುತ್ತಾರೆ. ಈ ವರ್ಷ ಮೈದಾನದ ಅಂಚಿನಲ್ಲಿ ಮೊದಲ ಬಾರಿಗೆ ಒಬ್ಬಳು "ಪೂರ್ವೀಸ್ ಮಮ್, ಬಾ ಇಲ್ಲಿ" ಎಂದು ಮಡಚುವ ಕುರ್ಚಿ ಹಾಕಿಕೊಟ್ಟಳು. ಅವಳ ಹೆಸರು ಲಿನ್, ತಂಡದ ಕ್ಯಾಪ್ಟನ್ನಿನ ತಾಯಿ. ಫ್ಲಾಸ್ಕಿನಿಂದ ಚಹಾ ಬಗ್ಗಿಸಿ ಕೊಟ್ಟಳು. ನಾನು ಅವಲಕ್ಕಿ ಚುರುಮುರಿ ಒಯ್ದೆ. ಮುಂದಿನ ಶನಿವಾರ ಅದನ್ನೇ ಕೇಳಿ ಕೇಳಿ ತಿಂದರು. ಅವರ ಜೊತೆ ಕೆಸರಲ್ಲಿ ನಿಂತು, ನನ್ನ ಮಗಳ ಹೆಸರನ್ನು ಅವರು ತಪ್ಪು ತಪ್ಪಾಗಿ ಕೂಗುವುದನ್ನು ಕೇಳುತ್ತ ನಾನು ಹಿಗ್ಗಿದ್ದೇನೆ ಅಕ್ಕ. ನಮ್ಮ ಮನೆಯವರು, ಶ್ರೀಪಾದ, ಬಂದರಿನ ಕೆಲಸಕ್ಕೆ ಶನಿವಾರವೂ ಹೋಗಬೇಕಾಗುತ್ತದೆ, ಆದ್ದರಿಂದ ಹೆಚ್ಚಾಗಿ ನಾನೊಬ್ಬಳೇ ಹೋಗುತ್ತಿದ್ದೆ.

ಆಗಸ್ಟ್ ಒಂಬತ್ತಕ್ಕೆ ಸೆಮಿಫೈನಲ್. ಪ್ರಾಂತ್ಯದ ತಂಡಕ್ಕೆ ಹುಡುಗಿಯರನ್ನು ಆರಿಸುವವರು ನೋಡಲು ಬರುತ್ತಾರೆಂದು ಕೋಚ್ ಅರೋಹಾ ಹೇಳಿದ್ದಳು. ಆಟ ಮುಗಿಯಲು ಹತ್ತು ನಿಮಿಷ ಇರುವಾಗ ಪೂರ್ವಿ ಒಬ್ಬಳನ್ನು ಕೆಡವಿದಳು. ಇಬ್ಬರೂ ಬಿದ್ದರು. ಆ ಹುಡುಗಿ ಎದ್ದಳು. ಇವಳು ಏಳಲಿಲ್ಲ. ಏಟೇನೂ ಜೋರಾಗಿರಲಿಲ್ಲ; ಭುಜವೋ ಮೊಳಕೈಯೋ ತಲೆಯ ಬದಿಗೆ ತಗಲಿದ್ದು ಅಷ್ಟೇ. ಇಂಥದ್ದು ಆಟದಲ್ಲಿ ಇಪ್ಪತ್ತು ಸಲ ಆಗುತ್ತದೆ. ನಾನು ಗೆರೆ ದಾಟಿ ಓಡಿದೆ. ಅರೋಹಾ ಅವಳ ತಲೆ ಅಲುಗದಂತೆ ಎರಡೂ ಕೈಯಲ್ಲಿ ಹಿಡಿದುಕೊಂಡು ಕೂತಿದ್ದಳು. ಪೂರ್ವಿಯ ಕಣ್ಣು ತೆರೆದಿತ್ತು, ಆದರೆ ನನ್ನನ್ನು ನೋಡುತ್ತಿರಲಿಲ್ಲ. ಆಮೇಲೆ ವಾಂತಿ ಮಾಡಿಕೊಂಡಳು. ಆಂಬುಲೆನ್ಸ್ ಮೈದಾನದ ಒಳಗೇ ಬಂತು.

ಆಸ್ಪತ್ರೆಯಲ್ಲಿ ತಲೆಯ ಸ್ಕ್ಯಾನ್ ಮಾಡಿದರು. ಒಳಗೆ ರಕ್ತ ಸೋರಿಲ್ಲ ಎಂದರು. ಆಗ ಶ್ರೀಪಾದ ಬಂದರಿನ ಬೂಟು, ಹೊಳೆಯುವ ಅಂಗಿಯಲ್ಲೇ ಓಡಿಬಂದಿದ್ದರು. ಅದನ್ನು ಕೇಳಿ ಅಲ್ಲೇ ಗೋಡೆಗೊರಗಿ ಕೂತುಬಿಟ್ಟರು. ಚಿಕ್ಕ ವಯಸ್ಸಿನ ಡಾಕ್ಟರಮ್ಮ ಒಂದು ಪಟ್ಟಿ ಹಿಡಿದು ನಿಧಾನವಾಗಿ ಪ್ರಶ್ನೆ ಕೇಳಿದಳು. ಮೈಗ್ರೇನ್ ಇದೆಯೇ, ಔಷಧಿ ಏನಾದರೂ ತೆಗೆದುಕೊಳ್ಳುತ್ತಾಳೆಯೇ, ಇತ್ತೀಚೆಗೆ ಬೇರೆ ಯಾವಾಗಲಾದರೂ ತಲೆಗೆ ಪೆಟ್ಟಾಗಿತ್ತೇ. ಪೂರ್ವಿ ಕಣ್ಣು ಮುಚ್ಚಿ ಮಲಗಿದ್ದಳು. ಎಲ್ಲದಕ್ಕೂ ನಾನೇ ಇಲ್ಲ, ಇಲ್ಲ ಎಂದು ಉತ್ತರ ಕೊಟ್ಟೆ. ಹಾಗಾದರೆ ಎರಡು ಮೂರು ವಾರದಲ್ಲಿ ಸರಿಹೋಗುತ್ತದೆ, ವಿಶ್ರಾಂತಿ ಕೊಡಿ ಎಂದಳು.

ಐದು ವಾರವಾಯಿತು. ಸರಿಹೋಗಿಲ್ಲ.

ಬೆಳಕು ಕಂಡರೆ ತಲೆ ಸಿಡಿಯುತ್ತದೆ ಎನ್ನುತ್ತಾಳೆ. ಶಾಲೆಗೆ ಹೋದರೆ ಹನ್ನೊಂದು ಗಂಟೆಗೆಲ್ಲ ಕರೆದುಕೊಂಡು ಹೋಗಿ ಎಂದು ಫೋನು ಬರುತ್ತದೆ. ಒಂದು ಪುಟ ಓದುವಷ್ಟರಲ್ಲಿ ಸಾಲು ತಪ್ಪುತ್ತದೆ. ಮರೆಯಬಾರದ್ದನ್ನು ಅಂಗೈ ಮೇಲೆ ಪೆನ್ನಿನಿಂದ ಬರೆದುಕೊಳ್ಳುತ್ತಾಳೆ. ನಿನ್ನೆ ಅಂಗೈಯಲ್ಲಿ "ಸ್ನಾನ ಆಯ್ತು" ಎಂದು ಇಂಗ್ಲಿಷಿನಲ್ಲಿ ಬರೆದಿತ್ತು. ಮಾಡಿದ್ದು ನೆನಪಿರದೆ ಎರಡು ಸಲ ಮಾಡಿದ್ದಳಂತೆ ಮೊನ್ನೆ. ಒಗ್ಗರಣೆ ಹಾಕಿದರೆ ಮೊದಲು "ಮಮ್, ಇಂಗು ಜಾಸ್ತಿ" ಎಂದು ಮೇಲಿನಿಂದ ಕೂಗುತ್ತಿದ್ದವಳು ಈಗ ಪಕ್ಕದಲ್ಲೇ ನಿಂತರೂ ಏನೂ ವಾಸನೆ ಇಲ್ಲ ಎನ್ನುತ್ತಾಳೆ.

ಡಾಕ್ಟರಮ್ಮನಿಗೆ ಇದು ಅರ್ಥವಾಗುತ್ತಿಲ್ಲ. "ಇಷ್ಟು ಹಗುರಾದ ಪೆಟ್ಟಿಗೆ ಇಷ್ಟು ದಿನ ಬೇಕಾಗುವುದು ಅಪರೂಪ" ಎಂದು ಹೋದ ಸೋಮವಾರ ಮತ್ತೆ ಹೇಳಿದಳು. ದೊಡ್ಡ ತಜ್ಞರಿಗೆ ತೋರಿಸಲು ಕ್ರೈಸ್ಟ್‌ಚರ್ಚಿಗೆ ಬರೆಯುತ್ತೇನೆ ಎಂದಳು. ಮನೆಗೆ ಬರುವ ದಾರಿಯಲ್ಲಿ ಶ್ರೀಪಾದ ಕಾರು ನಿಲ್ಲಿಸಿ, "ಏನೋ ಒಂದು ನಮಗ ಗೊತ್ತಾಗವಲ್ದು ವೇದಾ. ಏನೋ ಬಿಟ್ಟು ಹೋಗೇದ" ಎಂದರು. ಅವರು ಸೇತುವೆ, ಹಡಗು ನಿಲ್ಲುವ ಧಕ್ಕೆಗಳ ಬಿರುಕು ಹುಡುಕುವ ಎಂಜಿನಿಯರು. ಕಾರಣವಿಲ್ಲದೆ ಬಿರುಕು ಬಿಡುವುದನ್ನು ಅವರು ಒಪ್ಪುವವರಲ್ಲ. ನಾನು "ಮುಂದ ನಡೀರಿ, ಅಕಿಗೆ ಬಿಸಲು ಹೊಡೀಲಿಕ್ಕತ್ತದ" ಎಂದೆ.

ಫೈನಲ್ಲಿಗೆ ತಂಡ ಅವಳಿಲ್ಲದೆ ಹೋಗಿ ಸೋತಿತು. ಲಿನ್ ಕೇಕು ತಂದಳು. ಅರೋಹಾ ಎರಡು ಸಲ ಬಂದು ಪೂರ್ವಿಯ ಹಾಸಿಗೆಯ ಪಕ್ಕ ಕೂತು ಹೋದಳು.

ಆಫೀಸಿಗೆ ನಾನು ಹತ್ತು ದಿನ ಹೋಗಲಿಲ್ಲ. ಆಗಸ್ಟ್ ಹತ್ತೊಂಬತ್ತರ ಮಂಗಳವಾರ ಹೋದಾಗ ಮಾರ್ಗರೆಟ್ ಕಾಯುತ್ತಿದ್ದರು. ಹ್ಯೂನ ಎಂಟನೆಯ ಲಕೋಟೆಯನ್ನು ಒಡೆಯಲು ಮನೆಯವರೆಲ್ಲ ಒಪ್ಪಿದ್ದರು. ನನ್ನ ಕೈಯಿಂದಲೇ ಒಡೆಯಬೇಕಿತ್ತು. ತೆಳ್ಳನೆಯ ಚಾಕುವಿನಿಂದ ನೂರ ಮೂವತ್ತು ವರ್ಷದ ಅಂಟು ಬಿಡಿಸಿದೆ. ಎರಡೇ ಪುಟ. ಅಕ್ಷರ ಕೆಳಮುಖವಾಗಿ ಜಾರುತ್ತ ಹೋಗಿದೆ. "ಅಮ್ಮಾ, ಇಲ್ಲಿ ಎಲೆಯೆಲ್ಲ ಉದುರಿತು. ನಮ್ಮ ಸೇಬಿನ ಗಿಡಗಳಲ್ಲಿ ಈಗ ಕಾಯಿ ಕಚ್ಚಿರಬೇಕು" ಎಂದು ಶುರುಮಾಡಿದ್ದಾನೆ. ನಾಲ್ಕು ಸಾಲು ಬಿಟ್ಟು ಮತ್ತೆ ಅದೇ ಮಾತು, ಈಗಷ್ಟೇ ಹೊಳೆದಂತೆ. ಎರಡನೆಯ ಪುಟದಲ್ಲಿ ಮತ್ತೊಮ್ಮೆ. ಮೂರು ಸಲ, ಒಂದಕ್ಷರ ವ್ಯತ್ಯಾಸವಿಲ್ಲದೆ. ಕೊನೆಗೆ, ಗುರುವಾರದ ಆಟಕ್ಕೆ ಸಿದ್ಧನಾಗಿದ್ದೇನೆ, ಕ್ಯಾಪ್ಟನ್ ನನ್ನನ್ನೇ ಮುಂದೆ ನಿಲ್ಲಿಸುತ್ತಾನೆ ಎಂದು ಬರೆದಿದ್ದಾನೆ.

ಮಾರ್ಗರೆಟ್ ಕನ್ನಡಕ ತೆಗೆದು ಕರವಸ್ತ್ರದಿಂದ ಒರೆಸಿದರು. "ಪಾಪ, ಆ ತಾಯಿ ಓದದೆ ಇದ್ದದ್ದೇ ಒಳ್ಳೆಯದಾಯಿತು" ಎಂದರು. ಓದಿದ್ದರೂ ಅವಳು ಏನು ಮಾಡುವಂತಿತ್ತು? ಅಷ್ಟು ಹೊತ್ತಿಗೆ ಅವನು ಸತ್ತು ಐದು ವಾರ ಆಗಿತ್ತು.

ಇಷ್ಟೇ ಅಕ್ಕ ಸುದ್ದಿ. ಹೊರಗೆ ವಸಂತ ಬಂದಿದೆ, ಬೇಲಿಯಾಚೆಯ ಪ್ಲಮ್ ಗಿಡ ಬಿಳಿಯಾಗಿದೆ. ಮಗಳ ಕೋಣೆಯ ಪರದೆ ಮಾತ್ರ ಸರಿಸಿಲ್ಲ. ನೀನು ದಿನಾ ಸಂಜೆ ದೀಪ ಹಚ್ಚುವಾಗ ಅವಳ ಹೆಸರು ಹೇಳು. ಅವಳ ತಲೆ ನೇವರಿಸಿದಂತೆ ನಾಲ್ಕು ಸಾಲು ಬರೆದು ಕಳಿಸು, ನಾನು ಓದಿ ಹೇಳುತ್ತೇನೆ. ನೀನು ಮೆಟ್ಟಿಲು ಹತ್ತುವಾಗ ಕಂಬಿ ಹಿಡಿದುಕೋ. ಚಂದ್ರಿಕಾಳಿಗೆ ನನ್ನ ನೆನಪು ಹೇಳು, ಆದರೆ ಈ ಕಾಗದವನ್ನು ಅವಳ ಕೈಯಲ್ಲಿ ಓದಿಸಬೇಡ. ನಿಧಾನವಾದರೂ ಸರಿ, ನೀನೇ ಓದಿಕೋ.

ನಿನ್ನ ಕೂಸು,
ವೇದಾ

ತಾಜಾ ಕಲಂ: ಲಕೋಟೆಗೆ ಅಂಟು ಹಚ್ಚಿ ಆಗಿತ್ತು. ಮತ್ತೆ ಬಿಡಿಸಿದ್ದೇನೆ.

ಪದ್ದಕ್ಕ, ಮೇಲೆ ನಿನಗೆ ಸುಳ್ಳು ಬರೆದಿದ್ದೇನೆ. ಹ್ಯೂನ ಲಕೋಟೆ ಒಡೆದದ್ದು ಆಗಸ್ಟ್ ಹತ್ತೊಂಬತ್ತಕ್ಕಲ್ಲ. ಐದನೆಯ ತಾರೀಖು. ಸೆಮಿಫೈನಲ್ಲಿಗೆ ನಾಲ್ಕು ದಿನ ಮೊದಲು.

ಅದಕ್ಕೂ ಹಿಂದಿನ ಶನಿವಾರ, ಎರಡನೇ ತಾರೀಖಿನ ಆಟದಲ್ಲಿ, ಪೂರ್ವಿಯ ತಲೆ ಒಬ್ಬಳ ಮೊಣಕಾಲಿಗೆ ಬಡಿದಿತ್ತು. ರೆಫರಿ ಆಚೆ ನೋಡುತ್ತಿದ್ದ. ಅವಳು ಎದ್ದು ನಿಂತಳು, ತಮ್ಮವರ ಕಡೆಗೆ ಹೋಗದೆ ಎದುರು ತಂಡದ ಸಾಲಿಗೆ ಹೋಗಿ ನಿಂತಳು. ಆಮೇಲೆ ನಕ್ಕು ವಾಪಸು ಬಂದಳು. ಎಲ್ಲರೂ ನಕ್ಕರು. ಮರುದಿನ ಊಟಕ್ಕೆ ಕೂತಾಗ, ನಾಳೆ ಪ್ರಾಕ್ಟೀಸಿಗೆ ನನ್ನನ್ನು ಯಾರು ಬಿಡುತ್ತೀರಿ ಎಂದು ಕೇಳಿದಳು. ನಾನು ಎಂದೆ. ಅನ್ನ ಕಲಸುತ್ತ ಮತ್ತೆ ಅದನ್ನೇ ಕೇಳಿದಳು. ಮೊಸರು ಹಾಕಿಕೊಳ್ಳುವಾಗ ಇನ್ನೊಮ್ಮೆ. ಶ್ರೀಪಾದ ಆ ಹೊತ್ತಿಗೆ ಫೋನಿನಲ್ಲಿ ಮಾತಾಡುತ್ತ ಹೊರಗೆ ಹೋಗಿದ್ದರು. ಕೇಳಿಸಿಕೊಂಡವಳು ನಾನೊಬ್ಬಳೇ. ಮೂರು ಸಲವೂ "ನಾನೇ ಬಿಡ್ತೀನಿ ಪುಟ್ಟಾ" ಎಂದೆ.

ಎರಡು ದಿನದ ಮೇಲೆ ಆ ಕಾಗದ ಒಡೆದು ಓದಿದೆ. ಮೂರು ಸಲ ಅದೇ ಸಾಲು. ಅಷ್ಟು ಸ್ಪಷ್ಟವಾಗಿ ತಿಳಿಯಿತು ಅಕ್ಕ. ಇಲ್ಲಿ ನಿಯಮವಿದೆ: ತಲೆಗೆ ಪೆಟ್ಟಾದ ಅನುಮಾನ ಬಂದರೂ ಸಾಕು, ಮೂರು ವಾರ ಆಡುವಂತಿಲ್ಲ. ಏಪ್ರಿಲ್‌ನಲ್ಲಿ ಅದನ್ನು ಓದಿ ಸಹಿ ಹಾಕಿದವಳು ನಾನೇ. ಅರೋಹಾಗೆ ಒಂದು ಸಾಲಿನ ಮೆಸೇಜು ಕಳಿಸಿದರೆ ಸಾಕಿತ್ತು. ಬರೆದೆ. ಅಳಿಸಿದೆ. ಮಂಗಳವಾರ, ಬುಧವಾರ, ಗುರುವಾರ, ಮೂರೂ ದಿನ ಬರೆದು ಅಳಿಸಿದೆ. ಶನಿವಾರ ಬೆಳಿಗ್ಗೆ ಅವಲಕ್ಕಿ ಹುರಿದು ಡಬ್ಬಿ ತುಂಬಿಸಿಕೊಂಡು ಮೈದಾನಕ್ಕೆ ಹೋದೆ. ಆ ತಾಯಿಗೆ ಗೊತ್ತಿರಲಿಲ್ಲ. ನನಗೆ ಗೊತ್ತಿತ್ತು. ಆಸ್ಪತ್ರೆಯಲ್ಲಿ ಡಾಕ್ಟರಮ್ಮ ಕೇಳಿದಾಗಲೂ ಗೊತ್ತಿತ್ತು.

ಇವತ್ತು ಮಧ್ಯಾಹ್ನ ಶ್ರೀಪಾದರಿಗೆ ಹೇಳಿದೆ. ಅವರು ಬೈಯಲಿಲ್ಲ. ಒಗೆದ ಬಟ್ಟೆಯ ಬುಟ್ಟಿ ಎತ್ತಿಕೊಂಡು ಹಿತ್ತಲಿಗೆ ಹೋದರು. ಬಟ್ಟೆ ಹರವಿ ಗಂಟೆಯಾದರೂ ಒಳಗೆ ಬಂದಿಲ್ಲ. ನಾಳೆ ಬೆಳಿಗ್ಗೆ ಒಂಬತ್ತಕ್ಕೆ ಡಾಕ್ಟರ ಹತ್ತಿರ ಹೋಗುತ್ತಿದ್ದೇವೆ. ಎರಡನೇ ತಾರೀಖಿನದನ್ನು ಹೇಳುತ್ತೇನೆ. ಮೊದಲಿನ ಪೆಟ್ಟು ಆರುವ ಮುಂಚೆ ಎರಡನೆಯದು ಬಿದ್ದರೆ ಏನಾಗುತ್ತದೆಂದು ಓದಿ ಓದಿ ನನಗೆ ಬಾಯಿಪಾಠವಾಗಿದೆ.

ಅಂಟು ಬಿಡಿಸಿದ್ದು ಇದಕ್ಕಷ್ಟೇ ಅಲ್ಲ. ಶ್ರೀಪಾದ ಹೊರಗೆ ಹೋದ ಮೇಲೆ ಪೂರ್ವಿಯ ಕೋಣೆಗೆ ಹೋದೆ. ಕತ್ತಲಲ್ಲಿ ಹಾಸಿಗೆಯ ತುದಿಗೆ ಕೂತು, "ಪುಟ್ಟಾ, ಆ ದಿನ ಊಟಕ್ಕ ಕೂತಾಗ ನೀ ಒಂದ ಮಾತು ಮೂರು ಸಲ ಕೇಳಿದಿ. ನನಗ ಗೊತ್ತಾಗಿತ್ತು" ಎಂದೆ. ಅವಳು ಇಂಗ್ಲಿಷಿನಲ್ಲಿ, ನಿಧಾನವಾಗಿ, ಪದ ಹುಡುಕುತ್ತ ಹೇಳಿದಳು: "ಗೊತ್ತು ಮಮ್. ಮೂರನೇ ಸಲ ಕೇಳಿದಾಗ ನಿನ್ನ ಮುಖ ನೋಡಿದೆ. ನಿನಗೆ ತಿಳಿಯಿತು ಅಂತ ನನಗೂ ತಿಳಿಯಿತು."

"ಮತ್ತ ಯಾಕ ಹೇಳಲಿಲ್ಲ? ತಲಿ ನೋಯ್ತದ, ಆಡೂದಿಲ್ಲ ಅಂತ ಒಂದ ಮಾತು ಅನ್ನಬೇಕಿಲ್ಲ?"

ಗೋಡೆಯ ಕಡೆಗೆ ತಿರುಗಿಕೊಂಡಳು. ಇದನ್ನು ಮಾತ್ರ ಕನ್ನಡದಲ್ಲಿ ಹೇಳಿದಳು ಅಕ್ಕ, ತನ್ನ ತೊದಲು ಕನ್ನಡದಲ್ಲಿ.

"ನೀ ಆ ಆಂಟಿ ಜೋಡಿ ಕೂತು ನಗ್ತಿದ್ದಿ ಅಮ್ಮಾ. ನೀ ಇಲ್ಲಿ ಹಂಗ ನಕ್ಕಿದ್ದು ನಾ ನೋಡೇ ಇರಲಿಲ್ಲ."